ಹೊಸ್ತಿಲವ್ವನಿಗೊಂದು ಹಗ್ಗ

ನಮ್ಮ ಊರಿಗೆ ಹೆಣ್ಣು ಕೊಡುವವರು ಹುಡುಗನ ಮನೆತನ ಕೇಳುವ ಮೊದಲು ಆ ಮನೆಯಲ್ಲಿ ಎಷ್ಟು ಕಬ್ಬಿಣವಿದೆ, ಅದನ್ನು ಹಿಡಿಯಲು ಎಷ್ಟು ಕೈಗಳಿವೆ ಎಂದು ಕೇಳುತ್ತಾರೆ. ಕಬ್ಬಿಣ ಹೆಚ್ಚಾಗಿ ಕೈ ಕಡಿಮೆ ಬಿದ್ದರೆ ಆ ಸಂಬಂಧ ಅಲ್ಲಿಗೇ ಮುರಿದಂತೆ. ಸೂರ್ಯನ ಗಾಳಿ ದಕ್ಷಿಣಕ್ಕೆ ವಾಲಿ ಬೀಸಿದ ದಿನ ನಮ್ಮಲ್ಲಿ ಕಬ್ಬಿಣ ನೆಲದ ಮೇಲೆ ನಿಲ್ಲುವುದಿಲ್ಲ. ದೋಸೆಯ ಕಾವಲಿ, ಬಾಗಿಲ ಬೀಗ, ಈಳಿಗೆಮಣೆ, ಮಚ್ಚು ಎಲ್ಲವೂ ಎದ್ದು ಸೂರ್ಯನ ಕಡೆ ಮುಖ ಮಾಡಿ ತೇಲುತ್ತವೆ. ಮನೆಯೊಳಗೇ ಬಿಟ್ಟರೆ ಹೆಂಚು ಒಡೆದುಕೊಂಡು ಹೋಗುತ್ತವೆ. ಅದಕ್ಕೇ ಒಂದೊಂದು ಸಾಮಾನಿಗೂ ಒಂದೊಂದು ಹಗ್ಗ ಕಟ್ಟಿಟ್ಟಿರುತ್ತೇವೆ. ನಗಾರಿ ಕೇಳಿದ ಕೂಡಲೇ ಎಲ್ಲವನ್ನೂ ಬೀದಿಗೆ ತಂದು, ಹಗ್ಗವನ್ನು ಕೈಗೆ ಸುತ್ತಿಕೊಂಡು, ಗಾಳಿ ಇಳಿಯುವ ತನಕ ನಿಂತಿರುತ್ತೇವೆ. ನಿಂತಲ್ಲೇ ಪಕ್ಕದವರ ಹತ್ತಿರ ಸುಖದುಃಖ ಹೇಳಿಕೊಳ್ಳುತ್ತೇವೆ, ಮಗುವಿಗೆ ಹಾಲು ಕುಡಿಸುತ್ತೇವೆ, ಹಳೇ ಜಗಳಗಳನ್ನು ಮುಗಿಸುತ್ತೇವೆ. ಎರಡೂ ಕೈ ಹಗ್ಗದಲ್ಲಿರುವುದರಿಂದ ಹೊಸ ಜಗಳ ಅಷ್ಟಾಗಿ ಏಳುವುದಿಲ್ಲ. ರಾತ್ರಿ ಬೀಸಿದರೆ ಚಿಂತೆಯಿಲ್ಲ. ಆಗ ಕಬ್ಬಿಣ ನೆಲ ಕಚ್ಚಿಕೊಂಡು ಬಿದ್ದಿರುತ್ತದೆ, ಬೆಳಗಿನ ರೊಟ್ಟಿ ತಡವಾಗುತ್ತದೆ, ಅಷ್ಟೇ.

ಆ ನಗಾರಿ ನಮ್ಮ ಮನೆಯದು. ನಮ್ಮದು ಸಾರುವ ಮನೆ. ನನ್ನ ತಾತ ಬಾಗಿಲಿಗೆ ದಾರದಲ್ಲಿ ಒಂದು ಸೂಜಿ ಇಳಿಬಿಟ್ಟು, ಅದು ಅಲುಗಿದಾಗ ನಗಾರಿ ಬಡಿಯುತ್ತಿದ್ದನಂತೆ. ಸೂಜಿ ಅಲುಗಿದಾಗ ಗಾಳಿ ಬಂದೇ ಬಿಟ್ಟಿರುತ್ತದೆ. ತಾತ ಬಡಿಯುವಷ್ಟರಲ್ಲಿ ಅರ್ಧ ಊರಿನ ಹೆಂಚು ಹೋಗಿರುತ್ತಿತ್ತು. ಅಪ್ಪನ ಕಾಲಕ್ಕೆ ಹೊಸ್ತಿಲವ್ವ ಬಂದಳು. ಅದು ದೂರದವರು ಮೇಲಕ್ಕೆ ಕಳಿಸಿದ ಒಂದು ನೌಕೆ. ಭೂಮಿಯಿಂದ ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ, ಇತ್ತ ಭೂಮಿಯ ಎಳೆತವೂ ಅತ್ತ ಸೂರ್ಯನ ಎಳೆತವೂ ಹದಕ್ಕೆ ಬರುವ ಜಾಗದಲ್ಲಿ ನಿಂತಿದ್ದಾಳೆ ಎಂದು ಅಪ್ಪ ಹೇಳುತ್ತಿದ್ದ. ನಮ್ಮ ಹೊಸ್ತಿಲಲ್ಲಿ ನಿಂತು ಬರುವವರ ಮುಖ ನೋಡುವವಳಾದ್ದರಿಂದ ಊರಿನವರು ಆ ಹೆಸರಿಟ್ಟರು. ಅವಳ ಮಾತು ನಮ್ಮ ಪಡಸಾಲೆಯ ಯಂತ್ರಕ್ಕೆ ಬರುತ್ತದೆ. ಯಂತ್ರ ಉದ್ದನೆಯ ಕಾಗದದ ಮೇಲೆ ಮೂರು ಗೆರೆ ಎಳೆಯುತ್ತದೆ. ಕೆಂಪು ಗೆರೆ ಗಾಳಿಯ ವೇಗ, ನೀಲಿ ಗೆರೆ ಅದರ ದಟ್ಟಣೆ. ಕರಿಯ ಗೆರೆ ಗಾಳಿ ತನ್ನ ಒಡಲಲ್ಲಿ ಹೊತ್ತು ತರುವ ಸೂರ್ಯನ ಕಾಂತದ್ದು, ಅಂದರೆ ಅವನ ಅಯಸ್ಕಾಂತ ಶಕ್ತಿಯದ್ದು. ಅದು ನಡುಗೆರೆಯ ಮೇಲಿದ್ದರೆ ಕಾಂತದ ಮುಖ ಉತ್ತರಕ್ಕೆ, ಗಾಳಿ ನಮ್ಮನ್ನು ಸವರಿಕೊಂಡು ಆಚೆ ಹೋಗುತ್ತದೆ. ಕೆಳಗಿದ್ದರೆ ದಕ್ಷಿಣಕ್ಕೆ, ಆಗ ಬಾಗಿಲು ತೆರೆದ ಹಾಗೆ, ಗಾಳಿ ಊರೊಳಗೇ ನುಗ್ಗುತ್ತದೆ. ಸಾಧಾರಣ ಗಾಳಿ ಸೆಕೆಂಡಿಗೆ ನಾನೂರು ಕಿಲೋಮೀಟರ್ ಓಡುತ್ತದೆ. ಅವಳನ್ನು ದಾಟಿದ ಮೇಲೆ ನಮ್ಮನ್ನು ಮುಟ್ಟಲು ಅದಕ್ಕೆ ಒಂದು ಗಂಟೆಯಾದರೂ ಬೇಕು. ಆ ಒಂದು ಗಂಟೆಯಲ್ಲಿ ನಮ್ಮ ಊರು ಬದುಕುತ್ತದೆ.

ನಾನು ಆ ಕಾಗದದ ಮುಂದೆ ಕೂತು ಇಪ್ಪತ್ತೆರಡು ವರ್ಷವಾಯಿತು. ಈಗಲೂ ಪೆನ್ನು ಅಲುಗಿದರೆ ಮೈ ಜುಮ್ಮೆನ್ನುತ್ತದೆ. ಬಾಗಿಲಾಚೆ ಕಾಣುವ ಸೂರ್ಯ ತೆಪ್ಪಗಿರುತ್ತಾನೆ, ಹಪ್ಪಳ ಒಣಗಿಸುತ್ತಾನೆ. ಕಾಗದದ ಮೇಲಿನ ಸೂರ್ಯ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಇಬ್ಬರೂ ಒಬ್ಬನೇ ಎಂದು ನನಗೆ ಗೊತ್ತು, ಆದರೂ ನೆನೆದಾಗಲೆಲ್ಲ ಹೊಸದಾಗಿಯೇ ಬೆರಗಾಗುತ್ತದೆ.

ನಾನು ಈ ಕೆಲಸವನ್ನು ಊರಿಗಾಗಿ ಮಾಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರೂ ನಿಜವಾಗಿ ಮಾಡುತ್ತಿದ್ದದ್ದು ದುಂಡಮ್ಮತ್ತೆಗಾಗಿ. ಅವಳು ನನ್ನ ಅಪ್ಪನ ತಂಗಿ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಊರಿನ ಹಗ್ಗಗಳನ್ನೆಲ್ಲ ಹೊಸೆಯುವವಳೂ ಅವಳೇ. ಕತ್ತಾಳೆ ನಾರನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ಎಳೆ ತೆಗೆದು, ಮೂರು ಎಳೆ ಸೇರಿಸಿ ಅವಳು ಹುರಿ ಮಾಡಿದ ಹಗ್ಗ ಇಲ್ಲಿಯವರೆಗೂ ಯಾರ ಕೈಯಲ್ಲೂ ಕಿತ್ತುಬಂದಿಲ್ಲ. ಹನ್ನೊಂದು ವರ್ಷದ ಹಿಂದೆ ಬೇರೆ ಊರಿನಲ್ಲಿ ಬಸ್ಸು ಮಗುಚಿ ಅವಳ ಬಲತೊಡೆಯ ಮೂಳೆ ಮುರಿಯಿತು. ಅಲ್ಲಿನ ಡಾಕ್ಟರು ಮೂಳೆಯೊಳಗೆ ಒಂದು ಗೇಣುದ್ದದ ಕಬ್ಬಿಣದ ಸರಳು ಕೂರಿಸಿ ಕಳಿಸಿದರು. ನಮ್ಮ ಊರಿನ ಸಂಗತಿ ಅವರಿಗೇನು ಗೊತ್ತು? ಅಂದಿನಿಂದ ಪ್ರತಿ ದಕ್ಷಿಣದ ಗಾಳಿಗೂ ನಾನು ಅತ್ತೆಯನ್ನು ಹಿತ್ತಲಿನ ಕಲ್ಲುಬೆಂಚಿನ ಮೇಲೆ ಮಲಗಿಸಿ, ಸೊಂಟಕ್ಕೆ ನಾಲ್ಕು ಸುತ್ತು, ತೊಡೆಗೆ ನಾಲ್ಕು ಸುತ್ತು ಹಗ್ಗ ಬಿಗಿಯುತ್ತಿದ್ದೆ. ಗಾಳಿ ಇಳಿದ ಮೇಲೆ ಬಿಚ್ಚಿದರೆ ತೊಡೆಯ ಮೇಲೆ ನೀಲಿ ಬಾಸುಂಡೆ. ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಒಮ್ಮೆ ಮಾತ್ರ ಹೇಳಿದಳು, "ಊರಿಗೆಲ್ಲ ಹಗ್ಗ ಹೊಸ್ದು ಕೊಡೋಳು ನಾನೇ, ದನ ಕಟ್ದಂಗೆ ಕಟ್ಟಿಸ್ಕೊಳ್ಳೋಳೂ ನಾನೇ ಆದೆ ನೋಡು ಚೆಲ್ವಿ." ಊರು ಬಿಟ್ಟು ಬೇರೆಲ್ಲಾದರೂ ಇರು ಎಂದರೆ ಒಪ್ಪಲಿಲ್ಲ. ಕಟ್ಟುವುದು ತಡವಾದರೆ ಅವಳು ಬೀಗದಂತೆ, ಕಾವಲಿಯಂತೆ ಎದ್ದು ಹೋಗುತ್ತಾಳೆ. ಗಾಳಿ ಇಳಿದಾಗ ಎಲ್ಲಿ ಬೀಳುತ್ತಾಳೋ ಹೇಳಲಾಗದು. ಅವಳ ಜೀವ ನನ್ನ ಕರಿ ಗೆರೆಗೆ ಜೋತುಬಿದ್ದಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದೆ. ಅದಕ್ಕೆ ಒಂದು ವಾರ ಮೊದಲು ದಕ್ಷಿಣ ಎಂದು ನಗಾರಿ ಬಡಿದಿದ್ದೆ. ಸಣ್ಣ ಗಾಳಿ, ಗೆರೆ ನಡುಗೆರೆಯ ಆಚೆ ಈಚೆ ತೂಗಾಡಿ ಸುಮ್ಮನಾಯಿತು. ಮೂರು ಗಂಟೆ ಊರೆಲ್ಲ ಹಗ್ಗ ಹಿಡಿದು ನಿಂತದ್ದೇ ಬಂತು. ಅಂದು ದಿನಸಿ ಅಂಗಡಿಯ ಪುಟ್ಟಶೆಟ್ಟರ ಮನೆಯಲ್ಲಿ ಬೀಗರೂಟ. ಅಡಿಗೆಯವರು ಬಾಣಲೆಯ ಹಗ್ಗ ಹಿಡಿದು ಬೀದಿಯಲ್ಲಿ ನಿಂತಿದ್ದರು, ಒಳಗೆ ಅನ್ನ ಸೀದುಹೋಯಿತು. ಶೆಟ್ಟರು ಸಿಕ್ಕಲ್ಲೆಲ್ಲ ಚುಚ್ಚಿದರು. "ಏನ್ ಚೆಲ್ವಮ್ಮ, ಇವತ್ತು ನಮ್ ಸಾರು ಕುದೀಬೋದಾ, ಇಲ್ಲಾ ನಿಮ್ ಸೂರ್ಯನ್ನ ಕೇಳ್ಬೇಕಾ?" ನನಗೆ ಮೂಗಿನ ತುದಿಯಲ್ಲಿ ಕೋಪ. ಮುಂದಿನ ಸಲ ಉತ್ತರ ಎಂದು ಎಲ್ಲರಿಗಿಂತ ಮೊದಲೇ ಹೇಳಿ ಬಾಯಿ ಮುಚ್ಚಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕೆಂಪು ಪೆನ್ನೂ ನೀಲಿ ಪೆನ್ನೂ ಹುಚ್ಚೆದ್ದು ಕುಣಿಯತೊಡಗಿದವು. ಕಾಗದದ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ಸೂರ್ಯ ದೊಡ್ಡದಾಗಿ ಕೆರಳಿದಾಗ ಗಾಳಿಗಿಂತ ಮೊದಲು ಅವನ ಕಿಡಿಗಳು ಬಂದು ಹೊಸ್ತಿಲವ್ವನ ಕಣ್ಣಿಗೆ ಬೀಳುತ್ತವೆ. ಅಪ್ಪನ ಕಾಲದಲ್ಲಿ ಎರಡು ಸಲ ಹಾಗಾಗಿತ್ತಂತೆ. ಪಾಪ, ಅವಳಿಗೆ ಮುಖ ಮುಚ್ಚಿಕೊಳ್ಳಲು ಕೈಯಿಲ್ಲ. ಕರಿಯ ಪೆನ್ನು ಮಾತ್ರ ಸರಿಯಾಗಿ ಓಡುತ್ತಿತ್ತು. ನಾನು ಎಸರಿಗೆ ಅಕ್ಕಿ ಹಾಕಿ ಬರುವಷ್ಟರಲ್ಲಿ ಅದು ಒಮ್ಮೆಲೇ ನೆಗೆದು ಉತ್ತರಕ್ಕೆ ಏರಿತು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಎತ್ತರದ ಗೆರೆಯನ್ನು ನಾನು ಕಂಡಿರಲಿಲ್ಲ. ಕೈ ಮುಗಿಯಬೇಕೆನಿಸಿತು. ಅನ್ನ ಬೆಂದು ಗಂಜಿ ಬಸಿಯುವಾಗ ಬಾಗಿಲ ಸೂಜಿ ಒಂದೇ ಒಂದು ಸಲ ನಡುಗಿ ನಿಂತಿತು. ಗಾಳಿ ನಮ್ಮನ್ನು ಸವರಿತು ಎಂದು ಅದರ ಅರ್ಥ. ಜೋರಾಗಿ ಉತ್ತರ ಹಿಡಿದ ಗಾಳಿ ಉತ್ತರದಲ್ಲೇ ಮುಗಿಯುತ್ತದೆ ಎಂದು ಅಪ್ಪ ಕಲಿಸಿದ್ದ. ನಾನು ಹೋಗಿ ನಗಾರಿಗೆ ಬಿಡಿಬಿಡಿಯಾಗಿ ಎರಡು ಪೆಟ್ಟು ಕೊಟ್ಟೆ. ಎರಡು ಪೆಟ್ಟೆಂದರೆ ಭಯವಿಲ್ಲ, ಹಗ್ಗಗಳನ್ನು ಗೂಟಕ್ಕೆ ಹಾಕಿ ಎಂದು.

ಅತ್ತೆ ಕೊಕ್ಕೆಯಿಂದ ನಾರಿನ ಕಂತೆ ತೆಗೆದು ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದಳು. ಉದ್ದದ ಹಗ್ಗ ಹೊಸೆಯಲು ಮನೆಯಲ್ಲಿ ಜಾಗ ಸಾಲದು, ಕೆರೆ ಏರಿಯ ಮೇಲೆ ಅರವತ್ತು ಹೆಜ್ಜೆ ಎಳೆದು ಕಟ್ಟಬೇಕು. "ಹೋಗ್ಲೇನೇ?" ಎಂದಳು.

"ಹೋಗತ್ತೆ, ಧೈರ್ಯವಾಗಿ ಹೋಗು."

ಅವಳು ಕಾಗದದ ಮೇಲೆ ಬಗ್ಗಿದಳು. ಅವಳಿಗೆ ಓದು ಬಾರದು, ಗೆರೆಯ ತುದಿಯನ್ನೇ ನೋಡಿದಳು. "ಇದ್ಯಾಕೆ ಹಿಂಗೆ ಬಗ್ತಾ ಅದೆ? ನನ್ ಹಗ್ಗದ ಎಳೆ ಹಂಗೇ ಕಾಣ್ತದಲ್ಲ. ಎಳೆ ಮೇಲಿಂದ ಹಿಂಗೇ ಬಗ್ಗಿ ಅಡೀಕೆ ಹೋಯ್ತದೆ."

"ಅತ್ತೆ, ಹಗ್ಗ ನಿಂದು, ಗೆರೆ ನಂದು. ನೀ ನಡಿ," ಎಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವಳು ಸೀರೆಯನ್ನು ಕಚ್ಚೆ ಕಟ್ಟಿಕೊಂಡು, ಕುಂಟುತ್ತಾ ಹೊರಟುಹೋದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಪುಟ್ಟಶೆಟ್ಟರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದರು. "ಇವತ್ತು ಸರ್ಯಾಗಿ ಸಾರಿದ್ರಿ ನೋಡಿ. ಯಾಪಾರ ಒಂದ್ ಗಳಿಗೆ ನಿಲ್ಲಲಿಲ್ಲ," ಎಂದು ಜಗಲಿಯ ಮೇಲೆ ಕೂತರು. ನಾನೂ ಕೂತೆ, ಯಂತ್ರಕ್ಕೆ ಬೆನ್ನು ಹಾಕಿ. ಹೊಗಳಿಕೆ ಯಾರಿಗೆ ಬೇಡ? ಅವರು ಅಪ್ಪನನ್ನು ಹೊಗಳಿದರು, ನನ್ನನ್ನು ಹೊಗಳಿದರು, ಬೀಗರ ದಡ್ಡತನ ಹೇಳಿ ನಗಿಸಿದರು. ಅವರಿಗೆ ನೀರು ತರಲು ಒಳಗೆ ಹೋದವಳು ಕಾಗದದತ್ತ ನೋಡಿದೆ. ಕರಿ ಗೆರೆ ಮೇಲಿಂದ ನಯವಾಗಿ ಬಗ್ಗಿ, ನಡುಗೆರೆಯನ್ನು ದಾಟಿ, ಆಳಕ್ಕೆ ಇಳಿಯುತ್ತಿತ್ತು. ಅತ್ತೆ ಹೇಳಿದ ಹಾಗೇ, ಎಳೆ ಹಗ್ಗದ ಅಡಿಗೆ ಹೋಗುವ ಹಾಗೆ.

ಎಷ್ಟು ಹೊತ್ತಿದೆ ಎಂದು ಹೇಳುವ ಕೆಂಪು ಗೆರೆ ಬರೀ ಚುಕ್ಕಿಯಾಗಿ ಸತ್ತುಹೋಗಿತ್ತು. ಆಗ ಅನ್ನ ನೆನಪಾಯಿತು. ಅಕ್ಕಿ ಹಾಕಿದಾಗ ಪೆನ್ನು ನೆಗೆದಿತ್ತು, ಗಂಜಿ ಬಸಿಯುವಾಗ ಸೂಜಿ ನಡುಗಿತ್ತು. ಇಪ್ಪತ್ತು ನಿಮಿಷ. ಸಾಧಾರಣ ಗಾಳಿಯ ಮೂರರಷ್ಟು ವೇಗ. ನಮ್ಮ ಕಾಗದ ಐದು ನಿಮಿಷಕ್ಕೆ ಒಂದು ಬೆರಳಗಲ ಓಡುತ್ತದೆ. ಗೆರೆ ನಡುಗೆರೆ ದಾಟಿದ ಜಾಗದಿಂದ ಬೆರಳಿಟ್ಟು ನೋಡಿದೆ. ಮೂರು ಬೆರಳು. ಹದಿನೈದು ನಿಮಿಷ ಆಗಲೇ ಹೋಗಿತ್ತು. ಇನ್ನು ಐದು.

ಹೊರಗೆ ಬಂದು ನಗಾರಿಯ ಕೋಲುಗಳನ್ನು ಶೆಟ್ಟರ ಕೈಗೆ ತುರುಕಿದೆ. "ಬಡೀರಿ. ನಾನು ಬರೋ ತನಕ ನಿಲ್ಲಿಸ್ಬೇಡಿ."

"ಅಂಗ್ಡೀಲಿ ನನ್ ತೂಕದ ಬಟ್ಟುಗಳು..." ಎಂದರು. ಆಮೇಲೆ ನನ್ನ ಮುಖ ನೋಡಿದರು. "ದುಂಡಮ್ಮ ಎಲ್ಲವ್ಳೆ?"

"ಕೆರೆ ಏರಿ ಮೇಲೆ."

ಅವರು ಮತ್ತೇನೂ ಕೇಳದೆ ಬಡಿಯಲು ಶುರುಮಾಡಿದರು. ನಾನು ಓಡಿದೆ. ಬೀದಿಯಲ್ಲಿ ಜನ ಗೂಟದ ಹಗ್ಗಗಳನ್ನು ಕಿತ್ತುಕೊಂಡು, ಕಾವಲಿ ಬೀಗಗಳನ್ನು ಎಳೆದುಕೊಂಡು ಹೊರಗೆ ಬರುತ್ತಿದ್ದರು. ಯಾರೋ ಬೈದರು, ಯಾರೋ ಏನಾಯಿತೆಂದು ಕೇಳಿದರು. ಏರಿ ಹತ್ತುವಾಗ ನನ್ನ ತಲೆಗೂದಲು ತಾನಾಗಿ ಎದ್ದಿತು. ನೆತ್ತಿಯ ಮೇಲೆ, ನಡು ಹಗಲಿನ ನೀಲಿಯಲ್ಲಿ, ಕೆಂಪು ಹಸಿರಿನ ತೆಳು ಪರದೆಯೊಂದು ಹರಡಿಕೊಳ್ಳುತ್ತಿತ್ತು.

ಅತ್ತೆ ಹಗ್ಗದ ಒಂದು ತುದಿಯನ್ನು ಕಲ್ಲುಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ಹಿಂದೆ ಹಿಂದೆ ನಡೆಯುತ್ತಾ ಹೊಸೆಯುತ್ತಿದ್ದಳು. ನಗಾರಿ ಕೇಳಿ ನಿಂತಿದ್ದಳು. ಓಡಲು ಆ ಕಾಲಿಗೆ ಆಗದು, ಹತ್ತಿರದಲ್ಲಿ ಕಲ್ಲುಬೆಂಚೂ ಇಲ್ಲ. ನಾನು ಬರುವುದನ್ನು ಕಂಡು, ಬೇಡ ನಿಲ್ಲು ಎನ್ನುವಂತೆ ಕೈ ಎತ್ತಿದಳು. ಅಷ್ಟರಲ್ಲಿ ಅವಳ ಬಲಗಾಲು ನೆಲ ಬಿಟ್ಟಿತು. ಮದುಮಗಳು ಹೊಸ ಮನೆಗೆ ಬಲಗಾಲಿಟ್ಟು ಒಳಗೆ ಬರುವ ಹಾಗೆ, ಕಾಣದ ಹೊಸ್ತಿಲೊಂದರ ಮೇಲೆ ಕಾಲಿಟ್ಟು ಅವಳು ಮೇಲಕ್ಕೆ ಹೋದಳು.

ಹಗ್ಗ ಜಗ್ಗಿ ನಿಂತಿತು. ಅದು ಇನ್ನೂ ಅರ್ಧ ಹೊಸೆದ ಹಗ್ಗ, ಮೂರು ಎಳೆಗೆ ಹುರಿ ಕೂಡಿರಲಿಲ್ಲ. ಕಂಬದ ಹತ್ತಿರ ಎಳೆಗಳು ಬಾಯಿ ಬಿಡುತ್ತಿರುವುದು ನನ್ನ ಕಣ್ಣಿಗೇ ಕಂಡಿತು. ನಾನು ಹಾರಿ ಹಗ್ಗವನ್ನು ನಟ್ಟನಡುವೆ ಹಿಡಿದೆ. ನನ್ನನ್ನೂ ಎತ್ತಿಕೊಂಡು ಹೋಗುವಷ್ಟು ಸೆಳೆತ. ಕಾಲ ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಅತ್ತೆಯನ್ನು ನಾನೇ ಕೊಂದೆ ಎಂದುಕೊಂಡೆ. ಬೇರೆ ಯಾವ ಯೋಚನೆಯೂ ಬರಲಿಲ್ಲ.

ಏರಿಯ ಕೆಳಗೆ ಇಸ್ತ್ರಿ ಅಂಗಡಿಯ ಬೋರಯ್ಯ ತನ್ನ ಇಸ್ತ್ರಿ ಪೆಟ್ಟಿಗೆಯ ಹಗ್ಗ ಹಿಡಿದು ನಿಂತಿದ್ದ. ಅದು ಅವನ ಅನ್ನ. ಅವನು ನಮ್ಮ ಕಡೆ ನೋಡಿದ, ಪೆಟ್ಟಿಗೆಯ ಕಡೆ ನೋಡಿದ, ಕೈ ಬಿಟ್ಟ. ಪೆಟ್ಟಿಗೆ ಹೊಗೆ ಬಿಡುತ್ತಾ ಸೂರ್ಯನ ಕಡೆ ಹೋಯಿತು. ಬೋರಯ್ಯ ಏರಿ ಹತ್ತಿ ಬಂದು ನನ್ನ ಹಿಂದೆ ಹಗ್ಗಕ್ಕೆ ಕೈ ಹಾಕಿದ. ಅವನ ಹೆಂಡತಿ ಎರಡು ಕಾವಲಿ ಬಿಟ್ಟು ಬಂದಳು. ಆಮೇಲೆ ಬೀದಿಗೆ ಬೀದಿಯೇ ಬಿಟ್ಟಿತು. ನಾನು ತಲೆ ಎತ್ತಿ ನೋಡಿದೆ. ಬೀಗಗಳು, ಮಚ್ಚುಗಳು, ಬಾಣಲೆಗಳು, ಕತ್ತರಿಗಳು, ಪುಟ್ಟಶೆಟ್ಟರ ಬಟ್ಟುಗಳು, ತಲೆಮಾರುಗಳಿಂದ ಕೈ ಬದಲಾಯಿಸಿಕೊಂಡು ಹಿಡಿದಿಟ್ಟಿದ್ದ ಊರಿನ ಕಬ್ಬಿಣವೆಲ್ಲ ಅತ್ತೆ ಹೊಸೆದ ಹಗ್ಗಗಳನ್ನು ಬಾಲದ ಹಾಗೆ ಎಳೆದುಕೊಂಡು, ಒಂದಕ್ಕೊಂದು ತಾಗದೆ, ಸದ್ದಿಲ್ಲದೆ, ಒಂದೇ ದಿಕ್ಕಿಗೆ ಮುಖ ಮಾಡಿ ಏರುತ್ತಿದ್ದವು. ಅವುಗಳ ನಡುವೆ ಅತ್ತೆಯೊಬ್ಬಳೇ ನಿಂತಲ್ಲಿ ನಿಂತಿದ್ದಳು. ಇಡೀ ಊರು ಅವಳ ಹಗ್ಗದಲ್ಲಿತ್ತು.

"ಎಳೀಬೇಡಿ," ಎಂದು ಮೇಲಿಂದ ಕೂಗಿದಳು. ದನಿಯಲ್ಲಿ ಅಂಜಿಕೆಯಿರಲಿಲ್ಲ. "ಸುಮ್ಕೆ ಹಿಡ್ಕೊಳಿ. ನಾನು ತಿರುಗ್ತಾ ಇವ್ನಿ. ಹುರಿ ತಾನೇ ಕೂಡ್ತದೆ."

ನಿಜ, ಅವಳು ತಿರುಗುತ್ತಿದ್ದಳು, ಬಹಳ ನಿಧಾನವಾಗಿ, ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ. ಅವಳು ತಿರುಗಿದಂತೆ ನನ್ನ ಅಂಗೈಯೊಳಗೆ ಮೂರು ಎಳೆಗಳು ಒಂದರ ಮೇಲೊಂದು ಹೊರಳಿ ಬಿಗಿದುಕೊಂಡವು. ಆಗ ನನಗೆ ತಿಳಿಯಿತು. ಸೂರ್ಯ ನಮ್ಮ ಕಡೆಗೆ ಬೀಸಿದ್ದು ಬರೀ ಗಾಳಿಯಲ್ಲ. ತನ್ನ ಕಾಂತವನ್ನೇ ಎಳೆ ತೆಗೆದು, ಹೊಸೆದು, ಒಂದು ಹಗ್ಗ ಮಾಡಿ ಎಸೆದಿದ್ದ. ಅದರ ದಪ್ಪ ಎಷ್ಟೆಂದರೆ, ನಮ್ಮಿಂದ ಅವನವರೆಗಿನ ದಾರಿಯ ಕಾಲುಭಾಗ. ಭೂಮಿ ಆ ಹಗ್ಗದ ನಾರಿನೊಳಗೆ ಸಿಕ್ಕಿದ ಒಂದು ಧೂಳು. ನಾನು ನೋಡಿದ ಉತ್ತರ ಅದರ ಮೇಲುಮೈ ಅಷ್ಟೇ. ಎಳೆ ಎಂದ ಮೇಲೆ ಅಡಿಗೆ ಹೋಗಲೇಬೇಕು. ನನ್ನ ಕಾಗದ ಇಪ್ಪತ್ತೆರಡು ವರ್ಷದಲ್ಲಿ ಹೇಳದ್ದನ್ನು ಅತ್ತೆಯ ತೊಡೆಯ ಒಂದು ಗೇಣು ಸರಳು ನನ್ನ ಅಂಗೈಗೆ ಹೇಳುತ್ತಿತ್ತು. ನನಗೆ ಅಳು ಬಂತು. ನನ್ನ ಹಿಂದೆ ನಿಂತವರಲ್ಲೂ ಕೆಲವರು ಅತ್ತರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಸೂರ್ಯ ಪಡುವಣಕ್ಕೆ ವಾಲುವವರೆಗೆ ಹಿಡಿದುಕೊಂಡಿದ್ದೆವು. ಶೆಟ್ಟರ ನಗಾರಿ ಕೂಡ ಅಲ್ಲಿಯವರೆಗೆ ನಿಲ್ಲಲಿಲ್ಲ. ಆಮೇಲೆ ಸೆಳೆತ ಸಡಿಲವಾಗುತ್ತಾ ಬಂತು. ಅತ್ತೆ ಎಡಗಾಲು ಮೊದಲು ನೆಲಕ್ಕೆ ಮುಟ್ಟಿಸಿ, ಬೋರಯ್ಯನ ಹೆಗಲು ಹಿಡಿದು, ಏರಿಯ ಮೇಲೆ ಕುಳಿತಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಗಾಳಿಯ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡಿದ್ದಳು. ಆ ಕಣ್ಣುಗಳು ಇನ್ನೂ ಅರಳಿಯೇ ಇದ್ದವು. ಕುಡಿಯಲು ನೀರು ಕೊಟ್ಟರು. ದೂರದ ಹೊಲಗಳಲ್ಲಿ ಊರಿನ ಕಬ್ಬಿಣ ದಬದಬನೆ ಉದುರುವ ಸದ್ದು ಕೇಳಿಸುತ್ತಿತ್ತು.

"ಅತ್ತೆ, ನನ್ನಿಂದ ಆಗಿದ್ದು. ನೀ ಹೇಳ್ದೆ, ನಾ ಕೇಳ್ಲಿಲ್ಲ," ಎಂದೆ.

"ಊ," ಎಂದಳು. ಅಲ್ಲಗಳೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಸೆರಗಿನಿಂದ ನನ್ನ ಅಂಗೈಯ ರಕ್ತ ಒರೆಸಿದಳು. ಆಮೇಲೆ ಸೂರ್ಯನ ಕಡೆ ಬೆರಳು ಮಾಡಿ ಕೇಳಿದಳು, "ಅವ್ಳು ಅಲ್ಲೇ ಅಲ್ವಾ ಇರೋದು? ನಿನ್ ಹೊಸ್ತಿಲವ್ವ?"

"ಹ್ಞೂಂ. ಅಲ್ಲೇ."

"ಅವ್ಳಿಗೆ ಇದು ದಿನಾಲೂ?"

"ದಿನಾಲೂ. ನಮಗಿಂತ ಮೊದ್ಲು ಅವಳಿಗೇ ಬಡಿಯೋದು."

"ಯಾರ್ ಹಿಡ್ಕೊಂಡವ್ರೆ ಅವ್ಳನ್ನ?"

ಇತ್ತ ಭೂಮಿ, ಅತ್ತ ಸೂರ್ಯ, ಎರಡರ ಎಳೆತದ ಹದದಲ್ಲಿ ನಿಂತಿದ್ದಾಳೆ ಎಂದು ಅಪ್ಪ ಹೇಳಿದ್ದನ್ನು ಹೇಳಿದೆ. ಅತ್ತೆ ಸೊಂಟದ ಹಗ್ಗದ ಹುರಿಯನ್ನು ಬೆರಳಿನಿಂದ ಸವರಿದಳು. "ಎಳ್ಯೋದು ಬೇರೆ, ಹಿಡ್ಕೊಳ್ಳೋದು ಬೇರೆ ಕಣೆ," ಎಂದಳು.

ಕಬ್ಬಿಣ ಆರಿಸಿ ತರಲು ಊರಿಗೆ ಒಂಬತ್ತು ದಿನ ಹಿಡಿಯಿತು. ಶೆಟ್ಟರ ಅರ್ಧ ಸೇರಿನ ಬಟ್ಟು ಇನ್ನೂ ಸಿಕ್ಕಿಲ್ಲ, ಆದರೂ ಆ ಮಾತು ಎತ್ತಿ ಅವರು ಚುಚ್ಚುವುದಿಲ್ಲ. ಹೊಸ್ತಿಲವ್ವನ ಕೆಂಪು ನೀಲಿ ಗೆರೆಗಳು ಮೂರನೆಯ ದಿನ ಸರಿಹೋದವು. ಈಗ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಕಾಗದದ ಮುಂದೆ ನನ್ನ ಪಕ್ಕ ಕೂರುತ್ತಾಳೆ. ಗೆರೆ ಬಗ್ಗಿದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಕಲ್ಲುಬೆಂಚಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತೇವೆ.

ಅದಾದ ಮೇಲಿನ ಮೊದಲ ದಕ್ಷಿಣದ ಗಾಳಿಗೆ ನಾನು ನಗಾರಿ ಬಡಿದು ಬೀದಿಗೆ ಬಂದಾಗ ಅತ್ತೆ ಎಲ್ಲರ ಜೊತೆಯಲ್ಲೇ ನಿಂತಿದ್ದಳು. ಏರಿಯ ಮೇಲೆ ಹುರಿಗೊಂಡ ಆ ಹಗ್ಗ ಅವಳ ಸೊಂಟದಲ್ಲಿತ್ತು. ಅದರ ಇನ್ನೊಂದು ತುದಿಯನ್ನು ಬೋರಯ್ಯ, ಶೆಟ್ಟರು, ಇನ್ನೂ ಹತ್ತು ಜನ ಹಿಡಿದಿದ್ದರು. ಅವಳ ಕೈಯಲ್ಲಿ ಮತ್ತೊಂದು ಹೊಸ ಹಗ್ಗವಿತ್ತು, ತುದಿಯಲ್ಲಿ ಏನೂ ಕಟ್ಟಿರಲಿಲ್ಲ. "ಇದ್ಯಾರದು ದುಂಡಮ್ಮ?" ಎಂದು ಯಾರೋ ಕೇಳಿದರು. ಬಲಗಾಲು ನೆಲ ಬಿಟ್ಟಾಗ ಅವಳು ಆ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು, ಸೂರ್ಯನ ಕಡೆಗೆ ಬಿಗಿಯಾಗಿ ಹಿಡಿದುಕೊಂಡಳು.